ಅಕ್ಕನ ಎರಡು ಸಾಲು

ಫೆಬ್ರವರಿ 12, ಗುರುವಾರ

ಅಕ್ಕನನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಬಲಗೈ, ಬಲಗಾಲು ಎರಡೂ ಸೋತಿವೆ. ಕಾಲನ್ನು ಎಳೆದುಕೊಂಡಾದರೂ ನಡೆಯುತ್ತಾಳೆ, ಕೈ ಮಾತ್ರ ಯಾರದೋ ಕೈ ತಂದು ಅಂಟಿಸಿದ ಹಾಗೆ ಜೋತಾಡುತ್ತದೆ. ಮಾತು ಹೋಗಿದೆ. ಒಂದೇ ಒಂದು ಉಳಿದಿದೆ: ‘ಆದ್ದರಿಂದ’. ನೀರು ಬೇಕಾದರೂ ಆದ್ದರಿಂದ, ಸಿಟ್ಟು ಬಂದರೂ ಆದ್ದರಿಂದ, ನಾನು ಕಣ್ಣೊರೆಸಿಕೊಂಡರೆ ಎಡಗೈಯಿಂದ ಬೆನ್ನು ಸವರುತ್ತಾ ಅದೇ ಆದ್ದರಿಂದ. ವರ್ಷಗಟ್ಟಲೆ ಹತ್ತನೇ ತರಗತಿಗೆ ಗಣಿತ ಹೇಳಿಕೊಟ್ಟವಳ ಬಾಯಲ್ಲಿ ಪಾರ್ಶ್ವವಾಯು ಬಿಟ್ಟುಹೋದದ್ದು ಇಷ್ಟೇ.

ಈ ಮನೆಯಲ್ಲಿ ನಾವಿಬ್ಬರೇ. ನಾನು ಗಂಡನ ಮನೆಯಿಂದ ವಾಪಸು ಬಂದವಳು, ಅವಳು ಹೋಗಲೇ ಇಲ್ಲ. ನನಗೆ ಡೈರಿ ಗೀರಿ ಬರೆಯುವ ಖಯಾಲಿ ಎಂದೂ ಇರಲಿಲ್ಲ. ಬೈಯಲು, ಬೈಸಿಕೊಳ್ಳಲು ಅಕ್ಕ ಇದ್ದಳಲ್ಲ. ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಜಾಸ್ತಿಯಾಯಿತು ಅಂತ ಶುರುವಾದರೆ ಸಂಜೆ ಕಿಟಕಿ ಮುಚ್ಚುವತನಕ ನಮ್ಮ ಜಗಳ ನಡೆಯುತ್ತಿತ್ತು. ಈಗ ಒಬ್ಬಳೇ ಜಗಳವಾಡುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿ 16, ಸೋಮವಾರ

ಮಾತು ಕಲಿಸುವ ಹುಡುಗಿ ಬಂದಿದ್ದಳು. ಆಸ್ಪತ್ರೆಯವರೇ ಕಳಿಸಿದ್ದು, ವಾರಕ್ಕೊಮ್ಮೆ ಬರುತ್ತಾಳಂತೆ. ಬಟ್ಟಲು, ಬಾಚಣಿಗೆ, ಬೀಗದ ಕೈ ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. ಅಕ್ಕ ಎಲ್ಲಕ್ಕೂ ಗಂಭೀರವಾಗಿ “ಆದ್ದರಿಂದ” ಎಂದಳು. ಆ ಹುಡುಗಿ ನಗಲಿಲ್ಲ, ನನಗೇ ನಗು ಬಂತು, ಆಮೇಲೆ ಅಳು ಬಂತು.

ಅವಳೇ ಇನ್ನೊಂದು ಕಂಡುಹಿಡಿದಳು. ಅಕ್ಕನಿಗೆ ಬಲಗಡೆಯದು ಕಾಣುತ್ತಿಲ್ಲ. ತಟ್ಟೆಯ ಎಡ ಅರ್ಧ ಖಾಲಿ, ಬಲ ಅರ್ಧದಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಸೊಕ್ಕು, ನನ್ನ ಅಡುಗೆ ಸೇರುತ್ತಿಲ್ಲ ಅಂತ ನಾನು ಅಂದುಕೊಂಡಿದ್ದೆ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು ನಾನು, ನನಗೇ ಹೊಳೆಯಲಿಲ್ಲ ನೋಡು.

“ಕಣ್ಣಲ್ಲೇನೂ ತೊಂದರೆ ಇಲ್ಲ ಅಕ್ಕಾ. ಮಿದುಳು ಆ ಕಡೆ ನೋಡೋದನ್ನ ಬಿಟ್ಟುಬಿಟ್ಟಿದೆ. ತಲೆನ ಪೂರ್ತಿ ಬಲಕ್ಕೆ ತಿರುಗಿಸೋ ಅಭ್ಯಾಸ ಮಾಡ್ಸಿ. ಮತ್ತೆ, ಅವರಿಗೆ ತುಂಬಾ ರೂಢಿ ಇರೋದು ಏನಾದ್ರೂ ಕೊಡಿ. ಹಾಡು, ಹೊಲಿಗೆ, ಏನಾದ್ರೂ” ಎಂದು ಹುಡುಗಿ ನನಗೆ ಹೇಳಿದಳು.

ಹಾಡೂ ಇಲ್ಲ, ಹೊಲಿಗೆಯೂ ಇಲ್ಲ. ಇವಳಿಗೆ ರೂಢಿ ಇದ್ದದ್ದು ಒಂದೇ.

ಫೆಬ್ರವರಿ 19, ಗುರುವಾರ

ಎಲ್ಲರಿಗೂ ಕೂಗಿ ಹೇಳಬೇಕೆನ್ನಿಸುತ್ತಿದೆ!

ನಡುಮನೆಯ ಗೋಡೆಯ ಮೇಲೆ ಅಕ್ಕನ ಕಪ್ಪು ಹಲಗೆ ಇದೆ. ಸಂಜೆ ಮಕ್ಕಳಿಗೆ ಪಾಠ ಹೇಳುತ್ತಿದ್ದದ್ದು ಅಲ್ಲೇ. ಅವಳ ಪುಸ್ತಕ ತೆಗೆದು, ತ್ರಿಕೋನಮಿತಿಯ ಪಾಠದಿಂದ ಒಂದು ಲೆಕ್ಕವನ್ನು ಹಲಗೆಗೆ ಇಳಿಸಿದೆ. ಎಡಗಡೆ ಸೆಕ್ ಘಾತ ನಾಲ್ಕರಿಂದ ಸೆಕ್ ವರ್ಗ ಕಳೆದದ್ದು, ಬಲಗಡೆ ಟ್ಯಾನ್ ಘಾತ ನಾಲ್ಕಕ್ಕೆ ಟ್ಯಾನ್ ವರ್ಗ ಕೂಡಿಸಿದ್ದು, ನಡುವೆ ಸಮ ಚಿಹ್ನೆ. ಮೇಲೆ ‘ಸಾಧಿಸಿ’ ಅಂತ. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ. ಎಡಗಡೆಯದನ್ನು ಹಿಡಿದು, ಸಾಲು ಸಾಲಾಗಿ ಬದಲಾಯಿಸುತ್ತಾ ಹೋಗಿ, ಬಲಗಡೆಯದನ್ನು ತಲುಪಬೇಕು. ನಾನು ಹತ್ತನೇ ತರಗತಿಯಲ್ಲಿ ಡುಮ್ಕಿ ಹೊಡೆದದ್ದು ಇಂಥದ್ದರಲ್ಲೇ. ನನಗಿದು ಕಬ್ಬಿಣದ ಕಡಲೆ.

ಅಕ್ಕ ತುಂಬಾ ಹೊತ್ತು ನೋಡಿದಳು. ಸಮ ಚಿಹ್ನೆಯ ಆಚೆಗಿನದು ಕಾಣಲೆಂದು ಅವಳ ಗಲ್ಲ ಹಿಡಿದು ಬಲಕ್ಕೆ ತಿರುಗಿಸಿದೆ. ಎಡಗೈಯಲ್ಲಿ ಸೀಮೆಸುಣ್ಣ ತಗೊಂಡಳು. ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಸಾಲು ತಪ್ಪಲಿಲ್ಲ. ಸೆಕ್ ವರ್ಗವನ್ನು ಹೊರಗೆ ತೆಗೆದಳು. ಆವರಣದೊಳಗೆ ಉಳಿದ ಸೆಕ್ ವರ್ಗ ಕಳೆ ಒಂದು ಟ್ಯಾನ್ ವರ್ಗವಾಯಿತು, ಹೊರಗಿನ ಸೆಕ್ ವರ್ಗ ಒಂದು ಕೂಡು ಟ್ಯಾನ್ ವರ್ಗವಾಯಿತು, ಗುಣಿಸಿದಳು, ಮುಗಿಯಿತು. ಕೊನೆಗೆ ಹಲಗೆಯನ್ನು ಬೆರಳಿನಿಂದ ತಟ್ಟಿ “ಆದ್ದರಿಂದ!” ಎಂದಳು. ಈ ಸಲ ಅದು ಸರಿಯಾದ ಜಾಗದಲ್ಲಿ ಬಂದಿತ್ತು. ಎಡಭಾಗ ಸಮ ಬಲಭಾಗ ಎಂದು ಬರೆಯುವ ಮುಂಚೆ ಯಾವಾಗಲೂ ಹೇಳುವ ಮಾತು ಅದು.

ನಾನು ಅವಳನ್ನು ತಬ್ಬಿಕೊಂಡೆ. ಸೀಮೆಸುಣ್ಣ ಮುರಿಯಿತು, ಬೈಸಿಕೊಂಡೆ. ಅಂದರೆ ಅವಳ ಕಣ್ಣಲ್ಲೇ.

ಫೆಬ್ರವರಿ 27

ಹೆಮ್ಮೆ ಬಂದು ಇವತ್ತು ಒಂದನ್ನು ನಾನೇ ಮಾಡಲು ಹೋದೆ. ಕಾಸ್ ಭಾಗಿಸು ಒಂದು ಕಳೆ ಸೈನ್, ಅದು ಒಂದು ಕೂಡು ಸೈನ್ ಭಾಗಿಸು ಕಾಸ್‌ಗೆ ಸಮ ಎಂದು ಸಾಧಿಸಬೇಕು. ಇದೇನು ಮಹಾ ಎಂದು ಆ ಕಡೆಯ ಛೇದ ಈ ಕಡೆಗೆ, ಈ ಕಡೆಯದು ಆ ಕಡೆಗೆ ಗುಣಿಸಿದೆ. ಎರಡು ಕಡೆಯೂ ಒಂದೇ ಬಂತು. “ನೋಡೇ, ಆಯ್ತು!” ಎಂದು ಕುಣಿದೆ.

ಅಕ್ಕನ ಮುಖ ಕೆಂಪಾಯಿತು. ಕುಂಟುತ್ತಾ ಬಂದು ಡಸ್ಟರ್ ತಗೊಂಡು ನನ್ನ ಸಾಲುಗಳನ್ನೆಲ್ಲ ಒರೆಸಿ ಹಾಕಿದಳು. “ಆದ್ದರಿಂದ! ಆದ್ದರಿಂದ!” ಎಂದು ಬಲಗಡೆಯದರ ಮೇಲೆ ಡಸ್ಟರಿನಿಂದ ಬಡಿದಳು. ಹಿಂದೆ ಇದೇ ತಪ್ಪಿಗೆ ಅವಳು ಹೇಳುತ್ತಿದ್ದದ್ದು ನೆನಪಿಗೆ ಬಂತು: “ಎರಡೂ ಸಮ ಅಂತ ತೋರಿಸ್ಬೇಕಾಗಿರೋದು ನೀನು. ಸಮ ಅಂತ ಮೊದಲೇ ಒಪ್ಕೊಂಡು ಆ ಕಡೆ ಈ ಕಡೆ ಗುಣಿಸಿದ್ರೆ, ಕಳ್ಳನ್ನೇ ಸಾಕ್ಷಿಗೆ ಕರೆದ ಹಾಗಾಯ್ತು.” ಶಾಲೆಯ ಮಕ್ಕಳು ಇವಳಿಗೆ ಇಟ್ಟ ಹೆಸರು ‘ಎಲ್ಲಿಂದ ಬಂತು ಮಿಸ್ಸು’. ಮೇಲೆರಡು ಸಾಲು ಬರೆದು, ಕೆಳಗೆ ಪುಸ್ತಕ ನೋಡಿ ಉತ್ತರ ಬರೆದು, ನಡುವೆ ಏನೋ ಒಂದು ತುಂಬಿಸಿ ತೇಪೆ ಹಾಕುವ ಮಕ್ಕಳು ಇವಳ ಕೈಯಲ್ಲಿ ಸಿಕ್ಕಿಬೀಳದೆ ಇರುತ್ತಿರಲಿಲ್ಲ. ಆ ಸಾಲಿಗೆ ಸುತ್ತು ಹಾಕಿ, “ಇದು ಎಲ್ಲಿಂದ ಬಂತು?” ಅಷ್ಟೇ.

ಆಮೇಲೆ ಅವಳೇ ಎಡಗಡೆಯದರ ಮೇಲೂ ಕೆಳಗೂ ಒಂದು ಕೂಡು ಸೈನ್‌ನಿಂದ ಗುಣಿಸಿ ತೋರಿಸಿದಳು. ಕೆಳಗಿನದು ಒಂದು ಕಳೆ ಸೈನ್ ವರ್ಗ, ಅಂದರೆ ಕಾಸ್ ವರ್ಗ. ಒಂದು ಕಾಸ್ ಹೋಯಿತು. ಎಷ್ಟು ಸಲೀಸು! ಹತ್ತನೇ ತರಗತಿಯಲ್ಲಿ ಇದು ನನ್ನ ತಲೆಗೆ ಯಾಕೆ ಹೋಗಲಿಲ್ಲವೋ.

ಮಾರ್ಚ್ 6, ಶುಕ್ರವಾರ

ಹೆಡ್‌ಮಿಸ್ಸು ಬಂದಿದ್ದರು. ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ.

“ನೋಡಮ್ಮಾ, ಹೊಸ ವರ್ಷದ ಕ್ಲಾಸು ಶುರುವಾಗೋವರೆಗೆ ಇವರ ಜಾಗ ಯಾರಿಗೂ ಕೊಡದ ಹಾಗೆ ನಾನು ಹಿಡಿದಿಟ್ಟಿರ್ತೀನಿ. ಅದಕ್ಕೂ ಮುಂಚೆ ಒಂದು ದಿನ ಶಾಲೆಗೆ ಬಂದು, ಒಂದು ಲೆಕ್ಕ ಹಲಗೆ ಮೇಲೆ ಮಾಡಿ ತೋರಿಸ್ಲಿ. ಮಾತು ಬರದಿದ್ರೂ ಪರವಾಗಿಲ್ಲ, ಜೊತೆಗೆ ಒಬ್ಬರನ್ನ ಕೊಡ್ತೀನಿ. ಆದರೆ ಲೆಕ್ಕ ಅವರದೇ ಆಗಿರ್ಬೇಕು. ಆಗ್ಲಿಲ್ಲ ಅಂದ್ರೆ ನನ್ನ ಕೈಲೂ ಏನೂ ಇಲ್ಲ.”

ಅವರು ಹೋದ ಮೇಲೆ ಅಕ್ಕ ತನ್ನ ಚೀಲ ಹುಡುಕಿ ತಂದಳು. ಸೀಮೆಸುಣ್ಣದ ಡಬ್ಬಿ, ಕೆಂಪು ಪೆನ್ನು, ಕನ್ನಡಕದ ಪೆಟ್ಟಿಗೆ ಎಲ್ಲವನ್ನೂ ಎಡಗೈಯಲ್ಲೇ ಜೋಡಿಸಿ, ಚೀಲವನ್ನು ಹೆಗಲಿಗೇರಿಸಿಕೊಂಡು, ಬಾಗಿಲ ಪಕ್ಕದ ಕುರ್ಚಿಯ ಮೇಲೆ ಕೂತಳು. ಇವತ್ತೇ ಹೊರಡುತ್ತಾಳೇನೋ ಎನ್ನುವ ಹಾಗೆ. ನಾನು ಕರೆದರೂ ಏಳಲಿಲ್ಲ.

ಶಾಲೆ ಇಲ್ಲದ ಅಕ್ಕನನ್ನು ನನಗೆ ಊಹಿಸಿಕೊಳ್ಳಲೂ ಆಗುವುದಿಲ್ಲ. ಮೂಲೆಯಲ್ಲಿಟ್ಟ ಮಡಕೆಯಾಗಿಬಿಡುತ್ತಾಳೆ. ಇವಳನ್ನು ಆ ಹಲಗೆಯ ಮುಂದೆ ನಿಲ್ಲಿಸಿಯೇ ಸಿದ್ಧ. ಏನಾದರೂ ಆಗಲಿ.

ಮಾರ್ಚ್ 14

ಅಂಗಡಿಯಲ್ಲಿ ಗಲ್ಲಾದ ಕೆಳಗೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ. ಯಜಮಾನರು ನೋಡಿಬಿಟ್ಟರು.

“ಏನಮ್ಮಾ, ಈ ವಯಸ್ಸಲ್ಲಿ ಪರೀಕ್ಷೆ ಕಟ್ಟಿದೀಯಾ?”

“ನಾನಲ್ಲ ಸಾರ್, ನಮ್ಮಕ್ಕ.”

“ಅಕ್ಕ ಪರೀಕ್ಷೆಗೆ ಕೂತ್ರೆ ತಂಗಿ ಓದೋದಾ? ಚೆನ್ನಾಗಿದೆ ಸಂಸಾರ” ಎಂದು ನಕ್ಕರು. ನಾನೂ ನಕ್ಕೆ. ಲೆಕ್ಕ ಆರಿಸಿ ಕೊಡುವವಳಿಗೆ ಲೆಕ್ಕ ತಿಳಿದಿರಬೇಡವೇ? ಇವರಿಗೇನು ಗೊತ್ತು.

ಮಾರ್ಚ್ 23, ಸೋಮವಾರ

ಇವತ್ತಿನ ಲೆಕ್ಕ ಅಕ್ಕ ಚೆನ್ನಾಗಿಯೇ ಮಾಡಿದಳು. ಕೊನೆಯ ಸಾಲು ಒಂದೇ ಬಾಕಿ ಉಳಿಯಿತು. ಅಲ್ಲಿಯತನಕ ಬಂದವಳಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಕೈ ನೋವು ಬಂದಿರಬೇಕು. ನಾನೇ ಬರೆದೆ, ಬರೀ ಕೊನೆಯ ಸಾಲು. ಹಲಗೆಯ ಬಲಗಡೆಯಲ್ಲಿ ಜಾಗ ಇತ್ತು, ಅಲ್ಲಿ ಬರೆದೆ. ಅವಳು ಗಮನಿಸಲಿಲ್ಲ.

ಏಪ್ರಿಲ್ 2

ಡಾಕ್ಟರು ಮತ್ತೆ ತಲೆಯ ಚಿತ್ರ ತೆಗೆಸಿದರು. ಪಾರ್ಶ್ವವಾಯುವಿನ ಇನ್ನೊಂದು ಸಣ್ಣ ಹೊಡೆತ ಆಗಿರುವ ಹಾಗೆ ಕಾಣುತ್ತದಂತೆ. “ಆಗಿರಬಹುದು. ಮುಂದೆಯೂ ಆಗಬಹುದು, ಆಗದೆಯೂ ಇರಬಹುದು. ಔಷಧಿ ತಪ್ಪಿಸ್ಬೇಡಿ.” ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದಕ್ಕೆ ಇಷ್ಟು ಓದಬೇಕಾ?

“ಅವಳು ಲೆಕ್ಕ ಮಾಡ್ತಾಳೆ ಡಾಕ್ಟ್ರೇ, ದಿನಾ ಮಾಡ್ತಾಳೆ” ಎಂದೆ.

“ಒಳ್ಳೇದು, ಮಾಡಿಸ್ತಾ ಇರಿ” ಎಂದರು. ಮುಖ ನೋಡಿದರೆ ನಂಬಿದ ಹಾಗಿರಲಿಲ್ಲ. ನಂಬದಿದ್ದರೆ ಕತ್ತೆ ಬಾಲ.

ಏಪ್ರಿಲ್ 9, ಗುರುವಾರ

ಹೆಡ್‌ಮಿಸ್ಸಿಗೆ ಒಂದು ಫೋಟೋ ಕಳಿಸೋಣ ಎನ್ನಿಸಿತು. ಅವರ ನಂಬಿಕೆ ಉಳಿಯಬೇಕಲ್ಲ.

ಒಂದು ಉದ್ದನೆಯ ಲೆಕ್ಕ ಆರಿಸಿದೆ. ಸೈನ್ ಭಾಗಿಸು ಒಂದು ಕೂಡು ಕಾಸ್. ಅದಕ್ಕೆ ಅದನ್ನೇ ತಲೆಕೆಳಗು ಮಾಡಿ ಕೂಡಿಸಬೇಕು. ಬಲಗಡೆ ಎರಡು ಕೊಸೆಕ್. ಅಕ್ಕ ಮೊದಲ ಸಾಲು ನಕಲು ಮಾಡಿದಳು, ಎರಡನೆಯದರಲ್ಲಿ ಎರಡೂ ಛೇದಗಳನ್ನು ಗುಣಿಸಿ ಒಂದು ಮಾಡಿದಳು. ಅಲ್ಲಿ ನಿಂತಳು. ಸೀಮೆಸುಣ್ಣದ ತುದಿ ಹಲಗೆಗೆ ತಾಗಿಸಿಕೊಂಡು ಹಾಗೇ ನಿಂತಿದ್ದಳು. ಕುಕ್ಕರ್ ಕೂಗಿ, ನಾನು ಒಳಗೆ ಹೋಗಿ ಇಳಿಸಿ ಬಂದರೂ ಹಾಗೇ ಇದ್ದಳು.

ಮುಂದಿನದು ನನಗೆ ಬಾಯಿಪಾಠ. ಮೇಲಿನ ವರ್ಗ ಬಿಡಿಸಿದರೆ ಸೈನ್ ವರ್ಗ, ಕಾಸ್ ವರ್ಗ ಎರಡೂ ಸೇರಿ ಒಂದು. ಇರುವ ಒಂದೂ ಸೇರಿ ಎರಡು. ಎರಡನ್ನು ಹೊರಗೆ ತೆಗೆದರೆ ಒಂದು ಕೂಡು ಕಾಸ್ ಮೇಲೂ ಇದೆ, ಕೆಳಗೂ ಇದೆ, ಎರಡೂ ಹೊಡೆದುಹೋಗುತ್ತವೆ. ಉಳಿಯುವುದು ಎರಡು ಭಾಗಿಸು ಸೈನ್. ಅದೇ ಎರಡು ಕೊಸೆಕ್. ಅಕ್ಕನನ್ನು ಕೂರಿಸಿ ನಾನು ಬರೆದೆ. ಫೋಟೋದಲ್ಲಿ ಒಂದೇ ಥರ ಕಾಣಲಿ ಎಂದು ನಾನೂ ಎಡಗೈಯಲ್ಲೇ ಬರೆದೆ. ಎಷ್ಟು ಕಷ್ಟ ಗೊತ್ತಾ ಅದು! ಅಕ್ಕ ಹೇಗೆ ಬರೆಯುತ್ತಾಳೋ ಪಾಪ.

ಇದರಲ್ಲಿ ತಪ್ಪೇನಿಲ್ಲ. ಅವಳಿಗೆ ಗೊತ್ತಿರುವುದನ್ನೇ ನಾನು ಬರೆದದ್ದು. ಗೊತ್ತಿಲ್ಲದಿದ್ದರೆ ಮೊದಲೆರಡು ಸಾಲು ಬರುತ್ತಿತ್ತೇ?

ಏಪ್ರಿಲ್ 11

ಹೆಡ್‌ಮಿಸ್ಸಿನ ಉತ್ತರ: “ಕಣ್ಣಲ್ಲಿ ನೀರು ಬಂತಮ್ಮಾ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ.” ಅಕ್ಕನಿಗೆ ಓದಿ ಹೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ನನಗೆ ಊಟ ಸೇರಲಿಲ್ಲ. ಸೆಕೆ.

ಏಪ್ರಿಲ್ 27, ಸೋಮವಾರ

ಮಾತು ಕಲಿಸುವ ಹುಡುಗಿಯ ಜೊತೆ ಜಗಳವಾಯಿತು. ಹಲಗೆ ನೋಡಿ ಅವಳು ಕೇಳಿದಳು, “ಇದ್ರಲ್ಲಿ ಮೇಡಂ ಬರೆದಿದ್ದು ಎಷ್ಟು ಸಾಲು?”

“ಎಲ್ಲಾ ಅವಳದೇ.”

“ಕೈ ಹಿಡಿದು ಬರೆಸಿದ್ರಾ?”

“ಯಾಕಮ್ಮಾ, ನೀನೇನು ಪೊಲೀಸಾ? ಬಂದ ಕೆಲಸ ನೋಡ್ಕೋ!”

ಹುಡುಗಿ ಅಕ್ಕನ ತಲೆಯನ್ನು ಬಲಕ್ಕೆ ತಿರುಗಿಸುವ ಅಭ್ಯಾಸ ಮಾಡಿಸಿದಳು. “ಇನ್ನೂ ಸ್ವಲ್ಪ ಮೇಡಂ, ಭುಜ ಕಾಣೋವರೆಗೆ... ಹಾಂ, ಈಗ ಕಂಡ್ತಾ?” ಅದೊಂದರಲ್ಲಿ ಅಕ್ಕ ಸುಧಾರಿಸಿದ್ದಾಳೆ. ಬೇರೆಯವರು ಹಿಡಿಯದೆ ತಾನೇ ತಿರುಗಿಸುತ್ತಾಳೆ. ತಟ್ಟೆ ಈಗ ಪೂರ್ತಿ ಖಾಲಿಯಾಗುತ್ತದೆ.

ಬೆಳಿಗ್ಗೆ ಬಾಚಣಿಗೆಯನ್ನು ಚಹಾದ ಲೋಟದಲ್ಲಿ ಅದ್ದಿ ಕಲಕುತ್ತಿದ್ದಳು. ನಿದ್ದೆ ಸರಿಯಾಗಿಲ್ಲ, ಅಷ್ಟೇ. ಇವತ್ತಿನ ಲೆಕ್ಕ ಇಬ್ಬರೂ ಸೇರಿ ಮಾಡಿದೆವು. ಮೊದಲ ಸಾಲು ಅವಳದು.

ಮೇ 11, ಸೋಮವಾರ

ನಾಳೆ ಶಾಲೆಗೆ ಹೋಗಬೇಕು. ಫೋಟೋದಲ್ಲಿದ್ದ ಲೆಕ್ಕವನ್ನೇ ಕೊಡಿ, ಅವಳಿಗೆ ಧೈರ್ಯ ಇರುತ್ತದೆ ಎಂದು ಹೆಡ್‌ಮಿಸ್ಸಿಗೆ ಹೇಳಿದ್ದೇನೆ. ಒಪ್ಪಿದ್ದಾರೆ. ಎರಡು ವಾರದಿಂದ ಅದೊಂದನ್ನೇ ತಿದ್ದಿಸುತ್ತಿದ್ದೇನೆ. ಎರಡು ಸಾಲು ಗ್ಯಾರಂಟಿ. ಮುಂದಿನದು ದೇವರ ಇಚ್ಛೆ, ಮತ್ತೆ ನಾನಿದ್ದೇನೆ.

ಅವಳ ನೀಲಿ ಬಟ್ಟೆ ಇಸ್ತ್ರಿ ಮಾಡಿಟ್ಟೆ.

ಮೇ 12, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ರಜೆಯಾದ್ದರಿಂದ ಶಾಲೆ ಖಾಲಿ. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅಕ್ಕ ಕಾಲು ಎಳೆಯುತ್ತಾ ದಾರಿ ತೋರಿಸುವವಳ ಹಾಗೆ ಮುಂದೆ ನಡೆದಳು, ತನ್ನ ಕೋಣೆಗೇ ಬಂದು ನಿಂತಳು. ಹಲಗೆಯ ಮೇಲೆ ಧೂಳಿತ್ತು. ಮೊದಲು ಅದನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಒರೆಸಿದಳು. ಮಕ್ಕಳಿಗೆ ಹೇಳುತ್ತಿದ್ದದ್ದೂ ಹಾಗೇ, ಅಡ್ಡಡ್ಡ ಒರೆಸಿದರೆ ಬೈಯುತ್ತಿದ್ದಳು. ಹೆಡ್‌ಮಿಸ್ಸು ಕೆಳಗಿಳಿಸಿದ ಒಂದು ಬೆಂಚಿನಲ್ಲಿ, ನಾನು ಅವರ ಪಕ್ಕದಲ್ಲಿ.

ಹೆಡ್‌ಮಿಸ್ಸು ಲೆಕ್ಕ ಬರೆದರು. ಅಕ್ಕ ಎಡತುದಿಯಲ್ಲಿ ನಿಂತು ಮೊದಲ ಸಾಲು ಬರೆದಳು. ಎರಡನೆಯದು ಬರೆದಳು. ನಿಂತಳು.

ಸೀಮೆಸುಣ್ಣ ಹಲಗೆಗೆ ತಾಗಿಯೇ ಇತ್ತು. “ಆದ್ದರಿಂದ” ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ “ಆದ್ದರಿಂದ”. ಎರಡನೆಯದು ಮೊದಲಿನದಕ್ಕಿಂತ ಸಣ್ಣಗಿತ್ತು. ಹೊರಗೆ ಯಾರೋ ಬಕೆಟ್ ಎಳೆಯುವ ಸದ್ದು. ಹೆಡ್‌ಮಿಸ್ಸು ಕೈಗಡಿಯಾರ ನೋಡಲಿಲ್ಲ, ಪುಣ್ಯಕ್ಕೆ.

ನನಗೆ ತಡೆಯಲಾಗಲಿಲ್ಲ. ಎದ್ದು ಹೋದೆ. “ಅವಳಿಗೆ ಕೈ ಸೋತಿದೆ ಮಿಸ್, ಹೊಸ ಜಾಗ ಬೇರೆ. ಮನೇಲಿ ಹೇಗೆ ಮಾಡ್ತಾಳೋ ಹಾಗೇ ನಾನು ಬರೀತೀನಿ, ಅವಳು ಹೂಂ ಅಂತಾಳೆ” ಎಂದು ಹಲಗೆಯ ಬಲಗಡೆಗೆ ಹೋಗಿ ಬರೆಯಲು ಶುರುಮಾಡಿದೆ. ಸೈನ್ ವರ್ಗ, ಕಾಸ್ ವರ್ಗ, ಎರಡು ಹೊರಗೆ, ಹೊಡೆದುಹಾಕು, ಎರಡು ಕೊಸೆಕ್. ಒಂದು ಸಲವೂ ತಡವರಿಸಲಿಲ್ಲ. ಮುಗಿಸಿ ತಿರುಗಿದಾಗ ಹೆಡ್‌ಮಿಸ್ಸಿನ ಕಣ್ಣು ಒದ್ದೆಯಾಗಿತ್ತು. “ಸರಿ ಬಿಡಮ್ಮಾ. ಮೊದಲೆರಡು ಸಾಲು ಬಂತಲ್ಲ. ಜೊತೆಗೆ ಒಬ್ಬರಿದ್ರೆ ನಡೆದುಹೋಗುತ್ತೆ. ಪಾಠ ಮಾಡಬಲ್ಲರು ಅಂತ ನಾನು ಹೇಗೋ ಬರೆದುಕೊಡ್ತೀನಿ” ಎಂದರು.

ಆಯಿತು! ಆಗಿಯೇಬಿಟ್ಟಿತ್ತು!

ಆಗ ಅಕ್ಕ ತಲೆ ತಿರುಗಿಸಿದಳು. ಆ ಹುಡುಗಿ ಹೇಳಿಕೊಟ್ಟ ಹಾಗೆ, ಪೂರ್ತಿ, ತನ್ನ ಭುಜ ಕಾಣುವವರೆಗೆ. ಹಲಗೆಯ ಬಲಭಾಗ ನೋಡಿದಳು. ಎರಡು ಹೆಜ್ಜೆ ನಡೆದು ನನ್ನ ಸಾಲುಗಳ ಮುಂದೆ ನಿಂತಳು. ಒಂದೊಂದನ್ನೂ ಬೆರಳಿಟ್ಟು ಓದಿದಳು. ತಿರುಗಿ ತನ್ನ ಎರಡನೆಯ ಸಾಲು ನೋಡಿದಳು, ಮತ್ತೆ ನನ್ನದು ನೋಡಿದಳು. ನನ್ನ ಮೊದಲ ಸಾಲಿಗೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಹಾಕಿದಳು.

“ಎಲ್ಲಿಂದ?” ಎಂದಳು.

ಅಷ್ಟು ದಿನದಲ್ಲಿ ಅವಳ ಬಾಯಿಂದ ಬಂದ ಬೇರೆ ಮಾತು ಅದೊಂದೇ. ಎಷ್ಟು ಕಾಯ್ದಿದ್ದೆ ನಾನು ಅಂಥ ಒಂದು ಮಾತಿಗೆ!

“ಎಲ್ಲಿಂದ?” ಮತ್ತೆ ಕೇಳಿದಳು. ನನ್ನನ್ನೇ ನೋಡುತ್ತಿದ್ದಳು. ಕೋಪ ಇರಲಿಲ್ಲ, ಅದೇ ಕಷ್ಟವಾದದ್ದು. ದಡ್ಡ ಹುಡುಗಿಯೊಬ್ಬಳ ಉತ್ತರಕ್ಕೆ ಕಾಯುವ ಟೀಚರ್ ಹಾಗೆ ಕಾದಳು. ಆ ಲೆಕ್ಕದಲ್ಲಿ ಆ ಸಾಲು ಎಲ್ಲಿಂದ ಬಂತು ಎಂದು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆದರೆ ಅದು ಅವಳಿಂದ ಬಂದದ್ದಲ್ಲ. ಅದನ್ನು ಅವಳು ತಿಳಿದುಬಿಟ್ಟಿದ್ದಳು.

ಅಕ್ಕ ಡಸ್ಟರ್ ತಗೊಂಡು ನನ್ನ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಒರೆಸಿದಳು. ಎಲ್ಲವನ್ನೂ. ತನ್ನ ಎರಡು ಸಾಲು ಮಾತ್ರ ಬಿಟ್ಟಳು. ಅವುಗಳ ಕೆಳಗೆ ಹಲಗೆ ಖಾಲಿ ಉಳಿಯಿತು. ಆ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ಸೀಮೆಸುಣ್ಣವನ್ನು ಹೆಡ್‌ಮಿಸ್ಸಿನ ಕೈಯಲ್ಲಿಟ್ಟು, ಅವರ ಬೆರಳುಗಳನ್ನು ತಾನೇ ಮಡಚಿದಳು.

“ಆ ಫೋಟೋದಲ್ಲೂ...?” ಎಂದು ಹೆಡ್‌ಮಿಸ್ಸು ನನ್ನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಅಕ್ಕ ತಂದಿದ್ದ ಚೀಲ ಅಲ್ಲೇ ಮೇಜಿನ ಮೇಲಿತ್ತು. ತರಲು ತಿರುಗಿದೆ. ಅಕ್ಕ ನನ್ನ ಕೈ ಹಿಡಿದು ಬೇಡ ಎಂದು ತಲೆಯಾಡಿಸಿದಳು.

ಮೇ 13

ಅವಳ ಜೊತೆ ಮಾತಾಡಲಿಲ್ಲ. ನನ್ನ ಮುಖಕ್ಕೆ ಮಸಿ ಬಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದಳು. ಅವಳಿಗೋಸ್ಕರವೇ ತಾನೇ ನಾನು ಮಾಡಿದ್ದು.

ಮೇ 14

ಇವತ್ತೂ ಇಲ್ಲ. ಊಟ ಬಡಿಸಿದೆ, ಅಷ್ಟೇ.

ಮೇ 17, ಭಾನುವಾರ

ಬೆಳಿಗ್ಗೆ ಎದ್ದು ಬಂದರೆ ಅಕ್ಕ ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಸೀಮೆಸುಣ್ಣ ನೀಡಿದಳು. ನಾನು ತಗೊಳ್ಳಲಿಲ್ಲ. ಹಾಗೇ ಕೈ ನೀಡಿಕೊಂಡೇ ಇದ್ದಳು. ಎಡಗೈ ನಡುಗಲು ಶುರುವಾದ ಮೇಲೆ ತಗೊಂಡೆ.

ಬೆನ್ನು ತಿರುಗಿಸಿದ್ದೆನಲ್ಲ, ಅಳುವುದು ಸುಲಭವಾಯಿತು. “ನಂಗೆ ಹೆದರಿಕೆ ಆಗುತ್ತೆ ಕಣೇ. ನೀನು ಹೋಗ್ತಾ ಇದ್ದೀಯ, ನಂಗೊತ್ತು. ಮೊದ್ಲಿಂದ್ಲೂ ಗೊತ್ತಿತ್ತು” ಎಂದೆ. ಇದನ್ನು ನಾನು ಇಲ್ಲಿ, ಈ ಡೈರಿಯಲ್ಲಿ ಕೂಡ ಬರೆದಿರಲಿಲ್ಲ.

“ಆದ್ದರಿಂದ” ಎಂದಳು ಅಕ್ಕ. ಮೃದುವಾಗಿ ಹೇಳಿದಳು. ಆಮೇಲೆ ಹಲಗೆ ತೋರಿಸಿದಳು, ಬರಿ ಎನ್ನುವ ಹಾಗೆ.

ಅದೇ ಲೆಕ್ಕ ಬರೆದೆ, ಮೊದಲ ಸಾಲಿನಿಂದ, ಬಲಗೈಯಲ್ಲಿ.

“ಎಲ್ಲಿಂದ?”

“ಎರಡೂ ಛೇದ ಗುಣಿಸಿ ಒಂದು ಮಾಡ್ದೆ.”

ಮುಂದಿನ ಸಾಲು. “ಎಲ್ಲಿಂದ?”

“ವರ್ಗ ಬಿಡಿಸ್ದೆ. ಸೈನ್ ವರ್ಗ, ಕಾಸ್ ವರ್ಗ ಸೇರಿ ಒಂದಾಯ್ತು.”

ಪ್ರತಿ ಸಾಲಿಗೂ ಕೇಳಿದಳು. ನಾನು ಹೇಳುವುದು ಅವಳಿಗೆ ತಿಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವುದನ್ನು ಮಾತ್ರ ಬಿಡಲಿಲ್ಲ.

ಜೂನ್ 8

ಹೆಡ್‌ಮಿಸ್ಸು ಚೀಲ ಕಳಿಸಿಕೊಟ್ಟರು. ಅಕ್ಕನ ಜಾಗಕ್ಕೆ ಯಾರೋ ಹೊಸಬಳು ಬಂದಳಂತೆ. ಚೀಲವನ್ನು ಕಪಾಟಿನ ಮೇಲಿಟ್ಟೆ. ಅಕ್ಕ ಅದನ್ನು ನೋಡಿದಳು, ಗುರುತು ಹತ್ತಿದ ಹಾಗೆ ಕಾಣಲಿಲ್ಲ. ಅದಕ್ಕೆ ಸಂಕಟ ಪಡಬೇಕೋ ಸಮಾಧಾನ ಪಡಬೇಕೋ ತಿಳಿಯದೆ ಎರಡನ್ನೂ ಪಟ್ಟೆ.

ಮಾತು ಕಲಿಸುವ ಹುಡುಗಿಗೆ ಅವತ್ತು ಬೈದದ್ದು ತಪ್ಪಾಯಿತು ಎಂದೆ. “ಬಿಡಿ ಅಕ್ಕಾ, ನಂಗೆ ದಿನಾ ಯಾರಾದ್ರೂ ಬೈತಾರೆ” ಎಂದು ನಕ್ಕಳು. ಅಕ್ಕನಿಗೆ ಬಟ್ಟಲಿನ ಚಿತ್ರ ತೋರಿಸಿದಳು. “ಎಲ್ಲಿಂದ?” ಎಂದಳು ಅಕ್ಕ. ಹುಡುಗಿ ಈ ಸಲ ನಕ್ಕಳು, ನಾನು ನಗಲಿಲ್ಲ.

ಬೆಳಗಿನ ಲೆಕ್ಕ ನಡೆದಿದೆ. ಪುಸ್ತಕದ ಆ ಪಾಠ ಮುಗಿಯಿತು. ಅದರ ಮೊದಲ ಪುಟಕ್ಕೆ ಹೋಗಿ ಮತ್ತೆ ಶುರುಮಾಡಿದ್ದೇನೆ.

ಜೂನ್ 22

ಇನ್ನೊಂದು ಹೊಡೆತ ಆಯಿತು. ಒಂದು ವಾರ ಆಸ್ಪತ್ರೆ. ಈಗ ನಡೆಯುವುದಿಲ್ಲ.

ಜುಲೈ 3, ಶುಕ್ರವಾರ

ಬೆಳಿಗ್ಗೆ ದಿಂಬು ಒತ್ತುಕೊಟ್ಟು ಅಕ್ಕನನ್ನು ಕೂರಿಸಿ, ಹಾಸಿಗೆಯನ್ನು ಹಲಗೆಯ ಕಡೆಗೆ ತಿರುಗಿಸಿದೆ. ಸೆಕ್ ಘಾತ ನಾಲ್ಕರ ಲೆಕ್ಕ ಬರೆದೆ, ಅವಳು ಮನೆಗೆ ಬಂದ ಮೇಲೆ ಮೊದಲು ಮಾಡಿದ್ದು. ಸೆಕ್ ವರ್ಗ ಹೊರಗೆ ತೆಗೆದು ಕಾದೆ. ಅವಳು ಕೇಳಲಿಲ್ಲ.

ನಿದ್ದೆಗಣ್ಣಿರಬೇಕು ಎಂದುಕೊಂಡೆ. ಆಮೇಲೆ, ಹಾಗೆ ಅಂದುಕೊಳ್ಳುವುದು ನನಗೆ ಎಷ್ಟು ಬೇಗ ಬರುತ್ತದೆ ಎಂದು ನಾಚಿಕೆಯಾಯಿತು. ಪರೀಕ್ಷಿಸೋಣ ಎಂದು ಬೇಕೆಂದೇ ನಡುವಿನ ಸಾಲು ಹಾರಿಸಿ, ಒಮ್ಮೆಲೇ ಕೊನೆಯದನ್ನು ಬರೆದೆ. ಮೇಲೊಂದು, ಕೆಳಗೊಂದು, ನಡುವೆ ಗುಂಡಿ. ಯಾವ ಮಗು ಬರೆದಿದ್ದರೂ ಅವಳು ಶಾಲೆಗೆ ಶಾಲೆಯೇ ಕೇಳುವ ಹಾಗೆ ಕೂಗುತ್ತಿದ್ದಳು. ಅವಳ ಎದುರಿಗೆ ಹೋಗಿ ನಿಂತೆ. ತಲೆಯನ್ನು ಬಲಕ್ಕೆ ತಿರುಗಿಸಿ ಹಿಡಿದೆ. ಕಣ್ಣು ಹಲಗೆಯ ಮೇಲೆಯೇ ಇತ್ತು. “ಅಕ್ಕಾ, ಇದು ಎಲ್ಲಿಂದ ಬಂತು ಅಂತ ಕೇಳೇ. ಒಂದ್ಸಲ ಕೇಳು.”

ಅವಳು ನನ್ನನ್ನು ನೋಡಿ ನಕ್ಕಳು. ಪರಿಚಯದವರನ್ನು ಕಂಡು ನಗುವ ಹಾಗೆ.

ಅಂಗಡಿಗೆ ಹೊತ್ತಾಗುತ್ತಿತ್ತು. ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದೆ. ಹಲಗೆಯ ಮೇಲೆ ಆ ಲೆಕ್ಕ ಹಾಗೇ ಇತ್ತು, ಉತ್ತರವೂ ಸರಿಯಾಗಿಯೇ ಇತ್ತು. ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಚಪ್ಪಲಿ ಕಳಚಿ ವಾಪಸು ಬಂದೆ. ಕೊನೆಯ ಸಾಲನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಒರೆಸಿ, ಹಾರಿಸಿದ್ದ ಸಾಲನ್ನು ಬರೆದೆ. ಅದು ಎಲ್ಲಿಂದ ಬಂತು ಎಂದು ಅಕ್ಕನಿಗೆ ಗಟ್ಟಿಯಾಗಿ ಹೇಳಿದೆ. ಆಮೇಲೆ ಕೆಲಸಕ್ಕೆ ಹೋದೆ.